ರಾತ್ರಿ ಎರಡಕ್ಕೆ ಫೋನ್ ಎತ್ತುವವರು ಯಾರು? ಹಾಸ್ಪೈಸ್ ಹುಡುಕುವ ಕೋಲಾರದವರಿಗೊಂದು ಸಮಗ್ರ ಮಾರ್ಗದರ್ಶಿ

"ಇನ್ನು ಮನೆಗೆ ಕರೆದುಕೊಂಡು ಹೋಗಿ. ಅವರಿಗೆ ಏನು ಇಷ್ಟವೋ ಅದನ್ನು ಕೊಡಿ." ಬೆಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಫೈಲು ಮುಚ್ಚಿ ಇಷ್ಟು ಹೇಳಿದಾಗ ನಮ್ಮ ದೊಡ್ಡಮ್ಮ ಹೊರಗಿನ ಬೆಂಚಿನಲ್ಲಿ ಕುಳಿತು ಸೆರಗಿನಿಂದ ಬಾಯಿ ಒತ್ತಿಕೊಂಡಿದ್ದರು. ನಲವತ್ತು ವರ್ಷ ಎಲೆ, ಅಡಿಕೆ, ಹೊಗೆಸೊಪ್ಪು ಜಗಿದ ಬಾಯಿ ಅದು. ಮುಳಬಾಗಿಲಿನ ಬಸ್ಸು ಹತ್ತುವ ಹೊತ್ತಿಗೆ ನಮಗೆ ಇಷ್ಟದ ತಿಂಡಿ ಕೊಡುವುದಿರಲಿ, ನೀರು ಕುಡಿಸುವುದು ಹೇಗೆಂಬುದೂ ತಿಳಿದಿರಲಿಲ್ಲ.

ಆಮೇಲೆ ಒಂದು ಆರೈಕೆ ಕೇಂದ್ರ ಆರಿಸಿದೆವು. ಮದುವೆಗೆ ಛತ್ರ ನೋಡುವ ಹಾಗೆ ನೋಡಿ ಆರಿಸಿದೆವು. ಗಾಡಿ ನಿಲ್ಲಿಸಲು ಜಾಗ, ಹೊಳೆಯುವ ಟೈಲ್ಸ್, ತುಳಸಿ ಕಟ್ಟೆ, ಸಂಜೆ ಭಜನೆ, ಎಲ್ಲವೂ ಇತ್ತು. ಮೂರನೆಯ ರಾತ್ರಿ ದೊಡ್ಡಮ್ಮನಿಗೆ ನೋವು ಕೆರಳಿತು. ಪಾಳಿಯಲ್ಲಿದ್ದವರು ಒಬ್ಬ ಆಯಾ ಮಾತ್ರ. ಔಷಧದ ಕಪಾಟಿನ ಬೀಗದ ಕೈ ಮನೆಗೆ ಹೋದ ಮೇಲ್ವಿಚಾರಕರ ಜೇಬಿನಲ್ಲಿತ್ತು. ಬೆಳಿಗ್ಗೆ ಕಪಾಟು ತೆರೆದಾಗ ಕಂಡದ್ದು ಪ್ಯಾರಾಸಿಟಮಾಲ್. ಆ ರಾತ್ರಿ ಕಲಿತದ್ದನ್ನೂ, ಎರಡನೆಯ ಕಡೆ ಸರಿಯಾದ ಆರೈಕೆ ಹೇಗಿರುತ್ತದೆ ಎಂದು ಕಣ್ಣಾರೆ ಕಂಡದ್ದನ್ನೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ನಿಮಗೆ ಬೇಕಾದದ್ದು ಏನೆಂದು ತಿಳಿದುಕೊಳ್ಳಿ

"ಆರೈಕೆ ಕೇಂದ್ರ" ಎಂಬ ಬೋರ್ಡಿನ ಹಿಂದೆ ವೃದ್ಧಾಶ್ರಮವಿರಬಹುದು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಬಾಡಿಗೆ ಮನೆಯಿರಬಹುದು, ನಿಜವಾದ ಹಾಸ್ಪೈಸ್ ಕೂಡ ಇರಬಹುದು. ಹಾಸ್ಪೈಸ್ ಎಂದರೆ ಗುಣಪಡಿಸುವ ಚಿಕಿತ್ಸೆ ಮುಗಿದವರಿಗೆ ನೋವು, ಉಸಿರಾಟದ ಕಷ್ಟ, ವಾಂತಿ, ಗಾಯ, ಭಯ ಇವನ್ನೆಲ್ಲ ಹತೋಟಿಗೆ ತರುವ ವೈದ್ಯಕೀಯ ವ್ಯವಸ್ಥೆ. ಆಧುನಿಕ ರೂಪದಲ್ಲಿ ಅದು ಶುರುವಾದದ್ದು 1967ರಲ್ಲಿ, ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ ಎಂಬ ವೈದ್ಯೆಯಿಂದ. ಭಾರತಕ್ಕೆ ಬಂದದ್ದು 1986ರಲ್ಲಿ, ಮುಂಬೈಯ ಶಾಂತಿ ಅವೇದನಾ ಸದನದ ಮೂಲಕ. ಕಟ್ಟಡ ಅದರ ಒಂದು ಭಾಗ ಅಷ್ಟೇ. ಮನೆಗೇ ಬಂದು ನೋಡುವ ನರ್ಸ್ ಮತ್ತು ವೈದ್ಯರ ತಂಡವೂ ಅದೇ ಕೆಲಸ ಮಾಡುತ್ತದೆ. ನನ್ನನ್ನು ಕೇಳಿದರೆ, ಮನೆಯಲ್ಲಿ ನೋಡಿಕೊಳ್ಳಲು ಒಬ್ಬರಾದರೂ ಗಟ್ಟಿಯಾಗಿ ಇದ್ದಾರೆಂದರೆ ಮನೆ ಆರೈಕೆಯನ್ನೇ ಮೊದಲು ಹುಡುಕಬೇಕು. ನೋವು ಹತೋಟಿಗೆ ಬರುತ್ತಿಲ್ಲ, ಗಾಯ ದೊಡ್ಡದು, ನೋಡಿಕೊಳ್ಳುವವರಿಗೂ ಸುಸ್ತು ಎಂದಾಗ ಕೆಲವು ದಿನ ಒಳರೋಗಿಯಾಗಿ ಸೇರಿಸಿ ಮತ್ತೆ ಮನೆಗೆ ಕರೆತರಬಹುದು. ಒಳ್ಳೆಯ ಕೇಂದ್ರಗಳು ಈ ಓಡಾಟಕ್ಕೆ ಬೇಸರಪಡುವುದಿಲ್ಲ.

ಹುಡುಕಾಟವನ್ನು ಮೊಬೈಲಿನಿಂದ ಶುರು ಮಾಡಬೇಡಿ. ರೋಗಿಯನ್ನು ನೋಡುತ್ತಿದ್ದ ಆಸ್ಪತ್ರೆಯಲ್ಲೇ "ನಮ್ಮ ಊರಿಗೆ ಹತ್ತಿರದ ಉಪಶಾಮಕ ಆರೈಕೆ (ಪ್ಯಾಲಿಯೇಟಿವ್ ಕೇರ್, ಅಂದರೆ ನೋವು, ಬಾಧೆ ತಗ್ಗಿಸುವ ಆರೈಕೆ) ಎಲ್ಲಿದೆ?" ಎಂದು ಕೇಳಿ, ಅದನ್ನು ಬಿಡುಗಡೆ ಪತ್ರದಲ್ಲೇ ಬರೆಸಿಕೊಳ್ಳಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವವರು ಅಲ್ಲಿನ ನೋವು ಮತ್ತು ಉಪಶಾಮಕ ವಿಭಾಗವನ್ನು ಕಾಣದೆ ವಾಪಸು ಬರಬೇಡಿ. ಕೋಲಾರದಲ್ಲಿ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ, ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆಯಲ್ಲಿ ವಿಚಾರಿಸಿ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಮರೆಯಬೇಡಿ. ಯಾವ ಮನೆಗೆ ಯಾವ ತಂಡ ಬಂದು ಹೋಗುತ್ತಿದೆ ಎಂಬುದು ಅವರಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿರುವುದಿಲ್ಲ. ಬೆಂಗಳೂರಿನ ವರ್ತೂರು ರಸ್ತೆಯಲ್ಲಿರುವ ಕರುಣಾಶ್ರಯ ನಮ್ಮ ಕಡೆಯಿಂದ ಹೋಗುವವರಿಗೆ ನಗರದ ಹತ್ತಿರದ ಮಗ್ಗುಲಲ್ಲೇ ಸಿಗುತ್ತದೆ. ಚಿಕಿತ್ಸೆ ಮುಗಿದ ಕ್ಯಾನ್ಸರ್ ರೋಗಿಗಳನ್ನು ಅದು 1999ರಿಂದ ಹಣ ಪಡೆಯದೆ ನೋಡಿಕೊಳ್ಳುತ್ತಿದೆ. ಅಲ್ಲಿಗೆ ಸೇರಿಸದಿದ್ದರೂ ಒಮ್ಮೆ ಹೋಗಿ ನೋಡಿ ಬನ್ನಿ. ಬೇರೆ ಕಡೆ ನೋಡುವಾಗ ತೂಗಿ ನೋಡಲು ಒಂದು ಅಳತೆಗೋಲು ಬೇಕಲ್ಲ.

ದೂರವನ್ನೂ ಲೆಕ್ಕ ಹಾಕಿ. ಶ್ರೀನಿವಾಸಪುರದ ಒಳಹಳ್ಳಿಯವರು ದಿನಕ್ಕೊಮ್ಮೆ ಹೋಗಿ ಬರಲಾಗದ ಕಡೆ ರೋಗಿಯನ್ನು ಬಿಟ್ಟರೆ, ಎಷ್ಟೇ ಒಳ್ಳೆಯ ಕೇಂದ್ರವಾದರೂ ರೋಗಿಗೆ ಅದು ಪರದೇಶವೇ.

ಎರಡನೆಯ ಹೆಜ್ಜೆ: ಗೋಡೆಯ ಮೇಲಿನ ಎರಡು ಕಾಗದ

ಇದು ಐದು ನಿಮಿಷದ ಕೆಲಸ. ಮೊದಲನೆಯದು, 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಪತ್ರ. ಅದರ ಅವಧಿ ಮುಗಿದಿದೆಯೇ ನೋಡಿ. ಎರಡನೆಯದು ಹೆಚ್ಚು ಮುಖ್ಯ: ತೀವ್ರ ನೋವಿಗೆ ಕೊಡುವ ಮಾರ್ಫಿನ್ ಎಂಬ ಔಷಧ ಇಟ್ಟುಕೊಳ್ಳಲು "ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ" ಎಂಬ ಅನುಮತಿ. 1985ರ ಮಾದಕ ದ್ರವ್ಯ ಕಾಯ್ದೆಯಡಿ ಮಾರ್ಫಿನ್ ತರಿಸಲು ಆಸ್ಪತ್ರೆಗಳು ಹಿಂದೆ ನಾಲ್ಕೈದು ಪರವಾನಗಿಗಳಿಗಾಗಿ ಇಲಾಖೆಯಿಂದ ಇಲಾಖೆಗೆ ಅಲೆಯಬೇಕಿತ್ತು. 2014ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, ಈಗ ರಾಜ್ಯದ ಔಷಧ ನಿಯಂತ್ರಕರ ಒಂದೇ ಅನುಮತಿ ಸಾಕು. ಹಾಗಾಗಿ "ಮಾರ್ಫಿನ್‌ಗೆ ಸರ್ಕಾರ ಬಿಡುವುದಿಲ್ಲ ಸ್ವಾಮಿ" ಎಂದು ಯಾರಾದರೂ ಹೇಳಿದರೆ ಅವರು ಅರ್ಜಿಯನ್ನೇ ಹಾಕಿಲ್ಲ ಎಂದು ತಿಳಿಯಿರಿ. ಸಣ್ಣ ಕೇಂದ್ರವೊಂದು ಸ್ವಂತ ಅನುಮತಿ ಇಲ್ಲದೆ, ಅನುಮತಿಯಿರುವ ಆಸ್ಪತ್ರೆಯ ಜೊತೆ ಕೈಜೋಡಿಸಿರಬಹುದು. ಅದು ತಪ್ಪಲ್ಲ. ಆದರೆ ಮಾತ್ರೆ ಮುಗಿದ ದಿನ ಯಾರು, ಎಷ್ಟು ಹೊತ್ತಿನಲ್ಲಿ ತಂದುಕೊಡುತ್ತಾರೆ ಎಂದು ಬಿಡಿಸಿ ಕೇಳಿ.

ಮೂರನೆಯ ಹೆಜ್ಜೆ: ನೋವಿನ ಬಗ್ಗೆ ನಾಲ್ಕು ಪ್ರಶ್ನೆ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಭಾಗ ಓದುವಷ್ಟು ಸಮಯವಿದ್ದರೆ ಇದನ್ನು ಓದಿ. ಈ ಪ್ರಶ್ನೆಗಳನ್ನು ಆಫೀಸಿನಲ್ಲಿ ಕುಳಿತವರಿಗಲ್ಲ, ವಾರ್ಡಿನಲ್ಲಿ ನಿಂತ ನರ್ಸ್‌ಗೆ ಕೇಳಬೇಕು.

ಮೊದಲ ಪ್ರಶ್ನೆ: "ನೋವಿನ ಔಷಧವನ್ನು ಯಾವಾಗ ಕೊಡುತ್ತೀರಿ?" "ನೋವು ಎಂದಾಗ" ಎಂಬ ಉತ್ತರ ಬಂದರೆ ಎದ್ದು ಬನ್ನಿ. ವಿಶ್ವ ಆರೋಗ್ಯ ಸಂಸ್ಥೆ 1986ರಿಂದ ಹೇಳುತ್ತಿರುವುದು ಗಡಿಯಾರ ನೋಡಿ ಕೊಡಿ ಎಂದು. ಸಾಮಾನ್ಯ ಮಾರ್ಫಿನ್ ಮಾತ್ರೆಯ ಪರಿಣಾಮ ನಾಲ್ಕು ಗಂಟೆ ಇರುತ್ತದೆ. ಆದ್ದರಿಂದ ನಾಲ್ಕು ಗಂಟೆಗೊಮ್ಮೆ, ನೋವು ತಲೆಯೆತ್ತುವ ಮೊದಲೇ ಕೊಡಬೇಕು. ನಡುರಾತ್ರಿ ಎಬ್ಬಿಸುವುದನ್ನು ತಪ್ಪಿಸಲು ಮಲಗುವಾಗ ಎರಡರಷ್ಟು ಕೊಡುವ ರೂಢಿಯೂ ಇದೆ. ಇದನ್ನು ಅಲ್ಲಿನ ನರ್ಸ್ ತಾವಾಗಿಯೇ ಹೇಳಿದರೆ ಅರ್ಧ ನಿಶ್ಚಿಂತೆ.

ಎರಡನೆಯದು: "ಎರಡು ಹೊತ್ತಿನ ನಡುವೆ ನೋವು ಬಂದರೆ?" ಹೆಚ್ಚುವರಿಯಾಗಿ ಎಷ್ಟು ಕೊಡಬೇಕೆಂದು ಡಾಕ್ಟರು ಮೊದಲೇ ಚೀಟಿಯಲ್ಲಿ ಬರೆದಿಟ್ಟಿರಬೇಕು. ಪ್ರತಿ ಸಲವೂ ಡಾಕ್ಟರಿಗೆ ಫೋನ್ ಮಾಡಿ ಕಾಯುವ ಕಡೆ ರೋಗಿಯೂ ಕಾಯಬೇಕಾಗುತ್ತದೆ.

ಮೂರನೆಯದು ನನಗೆ ಬಹಳ ಇಷ್ಟವಾದ ಪ್ರಶ್ನೆ: "ಮಾರ್ಫಿನ್ ಜೊತೆ ಇನ್ನೇನು ಕೊಡುತ್ತೀರಿ?" ಮಾರ್ಫಿನ್ ತೆಗೆದುಕೊಳ್ಳುವವರಿಗೆ ಮಲಬದ್ಧತೆ ಆಗಿಯೇ ಆಗುತ್ತದೆ. ಹಾಗಾಗಿ ಮೊದಲ ದಿನದಿಂದಲೇ ಮಲ ಸಡಿಲಿಸುವ ಔಷಧ ಜೊತೆಗಿರಬೇಕು. ಪಳಗಿದವರ ಬಾಯಲ್ಲಿ ಈ ಉತ್ತರ ಪ್ರಶ್ನೆ ಮುಗಿಯುವ ಮೊದಲೇ ಬರುತ್ತದೆ. ಮೊದಲ ಕೇಂದ್ರದಲ್ಲಿ ಇದನ್ನು ಕೇಳಿದ್ದರೆ ನಾವು ಅಲ್ಲಿಗೆ ಸೇರಿಸುತ್ತಲೇ ಇರಲಿಲ್ಲ.

ನಾಲ್ಕನೆಯದು: "ನೋವು ಎಷ್ಟಿದೆ ಎಂದು ಹೇಗೆ ಅಳೆಯುತ್ತೀರಿ?" ಸೊನ್ನೆಯಿಂದ ಹತ್ತರವರೆಗೆ ಅಂಕಿ ಕೇಳುವುದು ಪುಸ್ತಕದ ಪದ್ಧತಿ. ನಮ್ಮ ದೊಡ್ಡಮ್ಮನಿಗೆ ಆ ಅಂಕಿಗಳು ತಲೆಗೆ ಹತ್ತಲಿಲ್ಲ. "ಏಳು ಅಂದರೆ ಏನಮ್ಮ, ಗಂಟೆಯೇ?" ಎಂದು ತಿರುಗಿ ಕೇಳಿದರು. ಎರಡನೆಯ ಕಡೆಯ ನರ್ಸ್ ಹಾಸಿಗೆಯ ಅಂಚಿನಲ್ಲಿ ಕುಳಿತು, ನಮ್ಮ ಮನೆಮಾತು ತೆಲುಗು ಎಂದು ಗುರುತಿಸಿ, "ನೊಪ್ಪಿ ಎನ್ನಿ ಅಣಾಲು ಉಂದಮ್ಮಾ?" ಎಂದರು, ಅಂದರೆ ನೋವು ಎಷ್ಟಾಣೆ ಇದೆಯಮ್ಮಾ ಎಂದು. ಹದಿನಾರಾಣೆ ಎಂದರೆ ತಡೆಯಲಾಗದ ನೋವು, ಸೊನ್ನೆ ಎಂದರೆ ಏನೂ ಇಲ್ಲ. ದೊಡ್ಡಮ್ಮ ಒಂದು ಕ್ಷಣ ಯೋಚಿಸಿ "ಹನ್ನೆರಡಾಣೆ" ಎಂದರು, ಸಂತೆಯಲ್ಲಿ ಬೆಲೆ ಹೇಳುವ ಹಾಗೆ. ಅಂದಿನಿಂದ ಅವರ ಚಾರ್ಟಿನಲ್ಲಿ ಬರೆದದ್ದೆಲ್ಲ ಆಣೆಯ ಲೆಕ್ಕವೇ.

ಇನ್ನು ಮನೆಯವರ ಭಯದ ಮಾತು. "ಮಾರ್ಫಿನ್ ಕೊಟ್ಟರೆ ಬೇಗ ಹೋಗಿಬಿಡುತ್ತಾರಂತೆ" ಎಂದು ನಮ್ಮ ಬೀದಿಯಲ್ಲಿ ಕನಿಷ್ಠ ಐದು ಜನ ಹೇಳಿದರು. ನೋವಿಗೆ ತಕ್ಕ ಪ್ರಮಾಣದಲ್ಲಿ ಸರಿಯಾಗಿ ಕೊಟ್ಟ ಮಾರ್ಫಿನ್ ಸಾವನ್ನು ಬೇಗ ಎಳೆದು ತರುವುದಿಲ್ಲ. ಮೊದಲ ಎರಡು ಮೂರು ದಿನ ಮಂಪರು, ವಾಕರಿಕೆ ಇರುತ್ತದೆ, ಆಮೇಲೆ ಇಳಿಯುತ್ತದೆ. ಒಳ್ಳೆಯ ಕೇಂದ್ರ ಇದನ್ನು ಮನೆಯವರನ್ನು ಕೂರಿಸಿಕೊಂಡು ಮೊದಲೇ ತಿಳಿಸುತ್ತದೆ. ಬಾಯಿ ತೆರೆಯಲಾಗದವರಿಗೆ ಸಾಮಾನ್ಯ ಮಾತ್ರೆಯನ್ನು ಪುಡಿ ಮಾಡಿ ನೀರಿನಲ್ಲಿ ಕಲಸಿ ಕೊಡಬಹುದು, ನಿಧಾನವಾಗಿ ಕರಗುವ ಬಗೆಯದನ್ನು ಪುಡಿ ಮಾಡಲೇಬಾರದು. ಈ ವ್ಯತ್ಯಾಸ ಅಲ್ಲಿನವರಿಗೆ ಗೊತ್ತೇ ಎಂದೂ ಕೇಳಿ ನೋಡಿ.

ನಾಲ್ಕನೆಯ ಹೆಜ್ಜೆ: ಹೇಳದೆ ಹೋಗಿ, ಮೂಗು ಬಳಸಿ

ಮೊದಲ ಭೇಟಿಗೆ ಹೇಳಿ ಹೋಗಿ, ಎರಡನೆಯದಕ್ಕೆ ಹೇಳದೆ ಹೋಗಿ. ಮಧ್ಯಾಹ್ನ ಮೂರು ಗಂಟೆ ಒಳ್ಳೆಯ ಹೊತ್ತು, ಊಟ ಮುಗಿದು ಎಲ್ಲ ಕಡೆ ಶಿಸ್ತು ಸಡಿಲವಾಗಿರುತ್ತದೆ. ವಾರ್ಡಿನೊಳಗೆ ಬಿಡದೆ ಆಫೀಸಿನಲ್ಲೇ ಆಲ್ಬಮ್ ತೋರಿಸಿ ಕಳಿಸುವವರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಆದರೆ ಇತರ ರೋಗಿಗಳ ಮರ್ಯಾದೆಯ ಕಾರಣಕ್ಕೆ "ಡ್ರೆಸ್ಸಿಂಗ್ ನಡೆಯುತ್ತಿದೆ, ಹತ್ತು ನಿಮಿಷ ಇರಿ" ಎಂದರೆ ಅದು ಒಳ್ಳೆಯ ಲಕ್ಷಣ.

ಒಳಗೆ ಹೋದ ಮೇಲೆ ಗೋಡೆ ನೋಡಬೇಡಿ, ರೋಗಿಗಳನ್ನು ನೋಡಿ. ತುಟಿ ಒಣಗಿ ಬಿರಿದಿದೆಯೇ? ಉಗುರು ಕತ್ತರಿಸಿದ್ದಾರೆಯೇ? ನೀರಿನ ಲೋಟ ಕೈಗೆ ಸಿಗುವಷ್ಟು ಹತ್ತಿರವಿದೆಯೇ, ಅಥವಾ ಗುಡಿಸುವವರಿಗೆ ಅಡ್ಡಿಯಾಗದಿರಲೆಂದು ಕಿಟಕಿಯ ಮೇಲಿಟ್ಟಿದ್ದಾರೆಯೇ? ತಾವಾಗಿ ಹೊರಳಲಾಗದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಅದಕ್ಕೊಂದು ಚಾರ್ಟ್ ಇರುತ್ತದೆ. ಅದರಲ್ಲಿ ಸಂಜೆ ಆರರ ಗೆರೆಯನ್ನೂ ಮಧ್ಯಾಹ್ನ ಮೂರಕ್ಕೇ ತುಂಬಿಸಿಟ್ಟಿದ್ದರೆ ಆ ಚಾರ್ಟನ್ನು ನಂಬಬೇಡಿ. ನಾನು ಅಂಥದ್ದನ್ನು ಕಣ್ಣಾರೆ ಕಂಡಿದ್ದೇನೆ.

ವಾಸನೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ಗಾಯಗಳು ವಾಸನೆ ಬರುತ್ತವೆ. ಆ ವಾಸನೆಗೆ ನಾಚಿ ರೋಗಿಗಳು ಮೊಮ್ಮಕ್ಕಳನ್ನೂ ಹತ್ತಿರ ಸೇರಿಸುವುದಿಲ್ಲ. ದೊಡ್ಡಮ್ಮ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡೇ ಮಲಗುತ್ತಿದ್ದರು. ಇದಕ್ಕೆ ದುಬಾರಿ ಉಪಾಯವೇನೂ ಬೇಕಿಲ್ಲ. ಉಪ್ಪುನೀರಿನಲ್ಲಿ ಗಾಯ ತೊಳೆದು ಮೆಟ್ರೊನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ ಉದುರಿಸಿದರೆ ಕೆಲವೇ ದಿನಗಳಲ್ಲಿ ವಾಸನೆ ಇಳಿಯುತ್ತದೆ. ನುರಿತ ನರ್ಸ್‌ಗಳಿಗೆ ಇದು ವಾಡಿಕೆಯ ಕೆಲಸ. ವಾರ್ಡಿನಲ್ಲಿ ಊದುಬತ್ತಿ, ಫಿನಾಯಿಲ್ ಮೂಗಿಗೆ ರಾಚುತ್ತಿದ್ದರೆ, ಗಾಯ ತೊಳೆಯುವ ಕೆಲಸವನ್ನು ಊದುಬತ್ತಿಗೆ ವಹಿಸಿದ್ದಾರೆಂದು ನಾನು ಅನುಮಾನಿಸುತ್ತೇನೆ. ನಮ್ಮ ದೊಡ್ಡಮ್ಮ ಐದನೆಯ ದಿನ ಈ ಕಡೆ ಹೊರಳಿ ಮಲಗಿದರು.

ಐದನೆಯ ಹೆಜ್ಜೆ: ರಾತ್ರಿಯ ಪರೀಕ್ಷೆ

ಸೇರಿಸುವ ಮೊದಲೇ ಒಂದು ರಾತ್ರಿ ಹನ್ನೊಂದರ ಮೇಲೆ ಕೇಂದ್ರದ ತುರ್ತು ಸಂಖ್ಯೆಗೆ ಫೋನ್ ಮಾಡಿ. ತೊಂದರೆ ಕೊಡಲೆಂದಲ್ಲ. ಎತ್ತಿದವರು ಯಾರು, ನರ್ಸೇ ಕಾವಲುಗಾರರೇ ಎಂದು ತಿಳಿಯಲು. "ನಾಳೆ ಬರುತ್ತೇವೆ, ಯಾವ ಹೊತ್ತಿಗೆ ಬರಬೇಕು?" ಎಂದು ಒಂದು ಮಾತು ಕೇಳಿ ಇಟ್ಟುಬಿಡಿ. ಆಮೇಲೆ ಹಗಲು ಹೋದಾಗ ರಾತ್ರಿ ಪಾಳಿಯಲ್ಲಿ ಎಷ್ಟು ರೋಗಿಗಳಿಗೆ ತರಬೇತಾದ ನರ್ಸ್ ಎಷ್ಟು ಮಂದಿ, ಔಷಧದ ಬೀಗದ ಕೈ ಯಾರ ಬಳಿ ಇರುತ್ತದೆ, ಡಾಕ್ಟರು ಎಷ್ಟು ಹೊತ್ತಿನಲ್ಲಿ ಸಿಗುತ್ತಾರೆ ಎಂದು ಕೇಳಿ. ಬೀಗದ ಕೈಯ ಪ್ರಶ್ನೆಗೆ ಎಲ್ಲರೂ ನಗುತ್ತಾರೆ. ನಗಲಿ.

ಮನೆ ಆರೈಕೆಯ ತಂಡವಾದರೆ ವಾರಕ್ಕೆ ಎಷ್ಟು ಸಲ ಬರುತ್ತಾರೆ ಎನ್ನುವುದಕ್ಕಿಂತ, ನಡುವೆ ಫೋನ್ ಮಾಡಿದರೆ ಏನಾಗುತ್ತದೆ ಎಂಬುದೇ ದೊಡ್ಡದು. ರಾತ್ರಿ ತಂಡ ಬರಲಾಗದಿದ್ದರೂ, ಮನೆಯಲ್ಲಿಟ್ಟ ಔಷಧದಲ್ಲಿ ಯಾವುದನ್ನು ಎಷ್ಟು ಕೊಡಬೇಕೆಂದು ಫೋನಿನಲ್ಲಿ ಹೇಳುವ ದನಿಯೊಂದಿರಬೇಕು.

ಆರನೆಯ ಹೆಜ್ಜೆ: ಮನೆಯವರನ್ನು ಹೇಗೆ ಕಾಣುತ್ತಾರೆ

ನಮ್ಮ ಜಿಲ್ಲೆಯಲ್ಲಿ ಭಾಷೆ ಚಿಕ್ಕ ವಿಷಯವಲ್ಲ. ಮುಳಬಾಗಿಲಿನ ಅಜ್ಜಿಗೆ ತೆಲುಗು, ಕೆಜಿಎಫ್‌ನ ಅಜ್ಜನಿಗೆ ತಮಿಳು, ಕೋಲಾರದ ಪೇಟೆಯ ಎಷ್ಟೋ ಮನೆಗಳಲ್ಲಿ ಉರ್ದು. ಕೊನೆಯ ದಿನಗಳಲ್ಲಿ ಮನುಷ್ಯ ತಾಯಿಮಾತಿಗೆ ಮರಳುತ್ತಾನೆ. "ಮಗ್ಗುಲು ಬದಲಿಸಿ" ಎನ್ನಲೂ ದುಭಾಷಿ ಬೇಕಾದರೆ ಕಷ್ಟ. ಪೂಜೆ, ನಮಾಜು, ಜಪಮಾಲೆ ಎಲ್ಲಕ್ಕೂ ಜಾಗವಿದೆಯೇ, ಕೇಳದವರ ಮೇಲೆ ಯಾವುದನ್ನಾದರೂ ಹೇರುತ್ತಾರೆಯೇ ಎಂದೂ ಗಮನಿಸಿ.

ಒಬ್ಬರು ಜೊತೆಯಲ್ಲಿ ಉಳಿಯಬಹುದೇ, ಮಕ್ಕಳು ಬರಬಹುದೇ ಎಂದು ಕೇಳಿ. ಮೂಗಿನ ನಳಿಕೆಯಲ್ಲಿ ರಾಗಿ ಗಂಜಿ ಹಾಕುವುದು, ಗಾಯ ಕಟ್ಟುವುದು, ಮಗ್ಗುಲು ಬದಲಿಸುವುದು, ಇವನ್ನು ಮನೆಯವರಿಗೆ ಕಲಿಸುವ ಕೇಂದ್ರಕ್ಕೆ ಹೆಚ್ಚು ಅಂಕ ಕೊಡಿ. "ಅದೆಲ್ಲ ನಿಮಗೆ ಬೇಡ ಬಿಡಿ, ನಾವು ನೋಡಿಕೊಳ್ಳುತ್ತೇವೆ" ಎನ್ನುವುದು ಕೇಳಲು ಹಿತ, ಮನೆಗೆ ಮರಳಿದ ದಿನ ಸಂಕಟ. ಇನ್ನು "ಇಲ್ಲಿಗೆ ಬಂದವರು ಗುಣವಾಗಿ ಹೋಗಿದ್ದಾರೆ" ಎಂದು ಆಸೆ ತೋರಿಸುವವರು ಹಾಸ್ಪೈಸ್ ನಡೆಸುತ್ತಿಲ್ಲ, ಬೇರೇನೋ ನಡೆಸುತ್ತಿದ್ದಾರೆ.

ಏಳನೆಯ ಹೆಜ್ಜೆ: ದುಡ್ಡಿನ ಮಾತು, ಬರವಣಿಗೆಯಲ್ಲಿ

ಉಚಿತವಾದರೆ ಯಾವುದೆಲ್ಲ ಉಚಿತ? ಹಾಸಿಗೆ ಉಚಿತ, ಡೈಪರ್, ಆಮ್ಲಜನಕ, ಡ್ರೆಸ್ಸಿಂಗ್, ಆಂಬುಲೆನ್ಸ್ ಬೇರೆ ಎಂದು ಆಮೇಲೆ ತಿಳಿಯುವುದು ಬೇಡ. ಮುಂಗಡ ಕಟ್ಟಿಸಿಕೊಂಡರೆ, ರೋಗಿ ನಾಲ್ಕೇ ದಿನದಲ್ಲಿ ತೀರಿಕೊಂಡಾಗ ಉಳಿದದ್ದು ವಾಪಸು ಬರುತ್ತದೆಯೇ ಎಂದು ಮುಖ ನೋಡಿ ಕೇಳಿ. ದೇಣಿಗೆ ಎಂದು ಕೊಟ್ಟದ್ದಕ್ಕೂ ರಸೀದಿ ಪಡೆಯಿರಿ. ನೋಂದಾಯಿತ ಖಾಸಗಿ ಸಂಸ್ಥೆಗಳು ದರಪಟ್ಟಿಯನ್ನು ಕಾಣುವಂತೆ ಹಾಕಲೇಬೇಕು. ಬಿಲ್ಲು ಬಾಕಿಯಿದೆಯೆಂದು ಮೃತದೇಹವನ್ನು ತಡೆಹಿಡಿಯಲು ಕಾನೂನು ಬಿಡುವುದಿಲ್ಲ.

ಎಂಟನೆಯ ಹೆಜ್ಜೆ: ಕೊನೆಯ ದಿನದ ಬಗ್ಗೆ ಮೊದಲೇ ಕೇಳಿ

ನಾಲಿಗೆ ಹೊರಳುವುದಿಲ್ಲ, ಗೊತ್ತು. ಆದರೂ ಕೇಳಬೇಕು: "ಉಸಿರು ಏರುಪೇರಾದಾಗ ನೀವು ಏನು ಮಾಡುತ್ತೀರಿ?" 108ಕ್ಕೆ ಫೋನ್ ಮಾಡಿ ದೊಡ್ಡಾಸ್ಪತ್ರೆಗೆ ಸಾಗಿಸುತ್ತೇವೆ ಎಂದರೆ, ನೀವು ತಪ್ಪಿಸಬೇಕೆಂದುಕೊಂಡ ವೆಂಟಿಲೇಟರ್‌ಗೇ ಸುತ್ತುಬಳಸಿ ಹೋಗಿ ತಲುಪುತ್ತೀರಿ. ಉಸಿರಾಟದ ಕಷ್ಟಕ್ಕೂ, ಗಂಟಲ ಗೊರಗೊರಕ್ಕೂ, ಚಡಪಡಿಕೆಗೂ ಅಲ್ಲಿಯೇ ಕೊಡುವ ಔಷಧಗಳಿವೆ. ನುಂಗಲಾಗದಾಗ ಅವುಗಳಲ್ಲಿ ಹಲವನ್ನು ಚರ್ಮದಡಿಯ ಸಣ್ಣ ಸೂಜಿಯಿಂದ ಕೊಡಬಹುದು. ಇವನ್ನು ಹೆಸರು ಹಿಡಿದು ಹೇಳುವವರನ್ನು ನಂಬಿ.

ರೋಗಿಗೆ ಬುದ್ಧಿ ಸ್ಥಿಮಿತದಲ್ಲಿರುವಾಗಲೇ ತಮಗೇನು ಬೇಡ ಎಂದು ಬರೆದಿಡಬಹುದು. ಇಂಥ ಲಿವಿಂಗ್ ವಿಲ್‌ಗೆ ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯತೆ ಕೊಟ್ಟಿತು, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳು, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ಕರ್ನಾಟಕದ ಆರೋಗ್ಯ ಇಲಾಖೆಯೂ ಇದನ್ನು ಜಾರಿಗೊಳಿಸಲು 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಕೇಂದ್ರದವರಿಗೆ ಇದರ ಅರಿವಿದೆಯೇ, ಇಂಥ ಪತ್ರ ಕೊಟ್ಟರೆ ರೋಗಿಯ ಫೈಲಿನಲ್ಲಿ ಇಟ್ಟುಕೊಳ್ಳುತ್ತಾರೆಯೇ ಎಂದು ವಿಚಾರಿಸಿ.

ಮನೆಯಲ್ಲಿ ತೀರಿಕೊಂಡರೆ ಸಾವಿನ ಕಾರಣದ ಪ್ರಮಾಣಪತ್ರವನ್ನು, ಅಂದರೆ ನಮೂನೆ 4ಎ ಅನ್ನು, ಕೊನೆಯ ಕಾಯಿಲೆಯಲ್ಲಿ ನೋಡಿಕೊಂಡ ವೈದ್ಯರು ಕೊಡಬೇಕು. ಮರಣ ನೋಂದಣಿಗೆ 21 ದಿನ ಗಡುವು. ಮನೆ ಆರೈಕೆಯ ತಂಡದ ವೈದ್ಯರು ಇದಕ್ಕೆ ಸಹಿ ಹಾಕುತ್ತಾರೆಯೇ ಎಂದು ಮೊದಲ ಭೇಟಿಯಲ್ಲೇ ತಿಳಿದುಕೊಂಡರೆ ಸೂತಕದ ನಡುವೆ ಆಫೀಸಿನಿಂದ ಆಫೀಸಿಗೆ ಅಲೆಯುವುದು ತಪ್ಪುತ್ತದೆ.

ಸೇರಿಸಿದ ಮೇಲೆ

ಇಪ್ಪತ್ತು ರೂಪಾಯಿಯ ಒಂದು ನೋಟ್ ಪುಸ್ತಕ ಕೊಳ್ಳಿ. ದಿನಾಂಕ, ಹೊತ್ತು, ಕೊಟ್ಟ ಔಷಧ, ನೋವು ಎಷ್ಟಾಣೆ, ಎಷ್ಟು ಹೊತ್ತು ನಿದ್ದೆ, ಇಷ್ಟು ಬರೆಯುತ್ತಾ ಹೋಗಿ. ಎರಡು ಮೂರು ದಿನದಲ್ಲಿ ನೋವು ಗಣನೀಯವಾಗಿ ಇಳಿಯದಿದ್ದರೆ ಡಾಕ್ಟರ ಮುಂದೆ ಪುಸ್ತಕ ತೆರೆದಿಡಿ. ಔಷಧ ಬದಲಿಸುವ ಬದಲು ನಿಮ್ಮ ಮೇಲೆ ರೇಗಿದರೆ ಬೇರೆ ಕೇಂದ್ರ ಹುಡುಕಲು ಸಂಕೋಚಪಡಬೇಡಿ. ನಾವು ಹನ್ನೊಂದನೆಯ ದಿನ ಬದಲಿಸಿದೆವು. ನಾಲ್ಕನೆಯ ದಿನವೇ ಬದಲಿಸಬೇಕಿತ್ತು.

ಆ ಎರಡನೆಯ ಕೇಂದ್ರದ ಬಗ್ಗೆ ನನಗೆ ಪೂರ್ತಿ ಭರವಸೆ ಬಂದದ್ದು ಮಾತ್ರ ಎಲ್ಲ ಮುಗಿದ ಮೇಲೆ. ತಿಥಿ ಕಳೆದ ಮರುದಿನ ನರ್ಸ್ ಮನೆಗೆ ಬಂದರು. ದೊಡ್ಡಪ್ಪನ ಪಕ್ಕ ಬಹಳ ಹೊತ್ತು ಕುಳಿತಿದ್ದರು, ಹೆಚ್ಚೇನೂ ಮಾತನಾಡಲಿಲ್ಲ. ಹೊರಡುವಾಗ ಉಳಿದ ಮಾರ್ಫಿನ್ ಮಾತ್ರೆಗಳನ್ನು ಕೇಳಿದರು. ಎದುರು ಮನೆಯವರ ಸೊಂಟನೋವಿಗೆ ಕೊಡೋಣವೆಂದು ದೊಡ್ಡಪ್ಪ ಎತ್ತಿಟ್ಟಿದ್ದರು. ಹಾಗೆ ಕೊಡಬಾರದು ಎಂದು ನಿಧಾನವಾಗಿ ತಿಳಿಸಿ ಹೇಳಿ, ಜಗಲಿಯ ಮೇಲೆ ಎಣಿಸಿ, ಪುಸ್ತಕದಲ್ಲಿ ಬರೆದುಕೊಂಡು ದೊಡ್ಡಪ್ಪನ ಸಹಿ ಹಾಕಿಸಿಕೊಂಡರು. ಒಟ್ಟು ಹದಿನಾಲ್ಕು ಮಾತ್ರೆ ಉಳಿದಿದ್ದವು.